ಅಟ್ಟದ ಹಾರ್ಡ್ ಡಿಸ್ಕಿನಿಂದ ವಿಂಡೋಸ್ 11ಕ್ಕೆ: ಡೂಮ್, ವುಲ್ಫ್, ಡ್ಯೂಕ್ ಮತ್ತೆ ಓಡಿಸಿದ್ದು

ವಿಂಡೋಸ್ 11 ಇರುವ ಲ್ಯಾಪ್‌ಟಾಪಿನಲ್ಲಿ ಡೂಮ್ ಅನ್ನುವ ಹಳೆ ಡಾಸ್ ಕಾಲದ ಗುಂಡು ಹಾರಿಸುವ ಆಟದ ಮೂಲ ಇಎಕ್ಸ್‌ಇ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ನೋಡಿ. ಇದು ನಿಮ್ಮ ಪಿಸಿಯಲ್ಲಿ ಓಡಲ್ಲ ಅಂತ ಒಂದು ಸಂದೇಶ ಬರುತ್ತದೆ, ಅಷ್ಟೇ. ಪ್ರಾಪರ್ಟೀಸ್‌ಗೆ ಹೋಗಿ ಎಕ್ಸ್‌ಪಿ ಕಂಪ್ಯಾಟಿಬಿಲಿಟಿ ಹಾಕು, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸು ಅಂತೆಲ್ಲ ಸಲಹೆ ಕೊಡುವವರು ಸಿಗುತ್ತಾರೆ. ಅದರಲ್ಲಿ ಸುಮ್ನೆ ಹೊತ್ತು ಕಳೆಯಬೇಡಿ. ಹಿಂದೆ ವಿಂಡೋಸ್ ಒಳಗೆ ಎನ್‌ಟಿವಿಡಿಎಂ ಅನ್ನುವ ಭಾಗ ಇತ್ತು, ವಿಂಡೋಸಿಗೂ ಹಿಂದಿನ ಡಾಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ ಪ್ರೋಗ್ರಾಮುಗಳನ್ನು ಓಡಿಸುವುದು ಅದರ ಕೆಲಸ. ಅದು ಹಳೆ 16 ಬಿಟ್ ಪ್ರೋಗ್ರಾಮುಗಳಿಗಾಗಿ ಪ್ರೊಸೆಸರಿನಲ್ಲಿದ್ದ ವರ್ಚುವಲ್ 8086 ಮೋಡ್ ಮೇಲೆ ನಿಂತಿತ್ತು. 64 ಬಿಟ್ ವಿಂಡೋಸ್ ಪ್ರೊಸೆಸರನ್ನು ನಡೆಸುವ ಲಾಂಗ್ ಮೋಡಿನಲ್ಲಿ ಆ ಸೌಲಭ್ಯವೇ ಇಲ್ಲ. ವಿಂಡೋಸ್ 10ರ 32 ಬಿಟ್ ಆವೃತ್ತಿಯಲ್ಲಿ ಎನ್‌ಟಿವಿಡಿಎಂ ಹಾಕಿಕೊಳ್ಳಬಹುದಿತ್ತು, 11ಕ್ಕೆ 32 ಬಿಟ್ ಆವೃತ್ತಿಯೇ ಬರಲಿಲ್ಲ. ಯಾವ ಟಿಕ್ ಹಾಕಿದರೂ ಇಲ್ಲದ್ದು ಎಲ್ಲಿಂದ ಬರುತ್ತದೆ?

ಇಷ್ಟಕ್ಕೆಲ್ಲ ಕೈ ಹಾಕಿದ್ದು ದೊಡ್ಡಪ್ಪನ ಮಗ ಅಣ್ಣನಿಂದ. ಅವನು ಬೆಂಗಳೂರಿನಲ್ಲಿದ್ದಾನೆ. ಅವನ ಹಳೆ ಕಂಪ್ಯೂಟರ್ ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಬಿದ್ದಿತ್ತು. ದೊಡ್ಡಪ್ಪ ತೋಟದ ಲೆಕ್ಕ ಬರೆಯೋಕೆ ಅಂತ ತಂದಿದ್ದು, ವಿಂಡೋಸ್ 98 ಇದ್ದದ್ದು. ಲೆಕ್ಕ ಬರೆದದ್ದಕ್ಕಿಂತ ಅದನ್ನು ಡಾಸ್ ಮೋಡಿಗೆ ರೀಸ್ಟಾರ್ಟ್ ಮಾಡಿ ನಾವು ಆಡಿದ್ದೇ ಜಾಸ್ತಿ. "ನನ್ನ ಡೂಮ್ ಸೇವ್ ಗೇಮ್ ಅದರಲ್ಲಿ ಇನ್ನೂ ಇದ್ಯಾ ನೋಡೋ" ಅಂತ ಅಣ್ಣ ಫೋನಿನಲ್ಲಿ ಹೇಳಿದ. ಆಟ ಎಲ್ಲಿ ಬೇಕಾದರೂ ಸಿಗುತ್ತದೆ, ಸೇವ್ ಗೇಮ್ ಸಿಗಲ್ಲ ಅಲ್ವಾ. ಹಾಗಾಗಿ ಒಂದು ನಿಯಮ ಹಾಕಿಕೊಂಡೆ. ಆ ಡಿಸ್ಕಿನಿಂದ ಬಂದ ಆಟದ ಫೋಲ್ಡರಿನಲ್ಲಿ ಒಂದು ಅಕ್ಷರವನ್ನೂ ತಿದ್ದುವುದಿಲ್ಲ. ಏನು ಹೊಂದಿಸುವುದಿದ್ದರೂ ಯಂತ್ರದ ಕಡೆಯಿಂದಲೇ ಹೊಂದಿಸಬೇಕು.

ಕಂಪ್ಯೂಟರ್ ಆನ್ ಆಗಲಿಲ್ಲ. ಮದರ್‌ಬೋರ್ಡಿನ ಕೆಪಾಸಿಟರ್‌ಗಳು ತಲೆ ಊದಿಕೊಂಡಿದ್ದವು, ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿಯೊಳಗೆ ಜಿರಳೆ ಸಂಸಾರ. ಅದನ್ನು ರಿಪೇರಿ ಮಾಡುವ ಆಸೆ ನನಗಿರಲಿಲ್ಲ, ಡಿಸ್ಕ್ ಮಾತ್ರ ಬಿಚ್ಚಿಕೊಂಡೆ. ಮೂರೂವರೆ ಇಂಚಿನ, ಅಗಲ ಕೇಬಲ್ ಹಾಕುವ ಹಳೆ ಐಡಿಇ ಬಗೆಯ ಡಿಸ್ಕ್, ಹಿಂದೆ 40 ಪಿನ್. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗಲ್ಲ, ಇನ್ನು ಅಟ್ಟದಲ್ಲಿದ್ದ ಲೋಹದ ಗತಿ ಏನು? ಪಿನ್‌ಗಳ ಬುಡದಲ್ಲಿ ಹಸಿರು ಕಿಲುಬು, ಲೇಬಲ್ ಮೇಲೆ ಬೂಷ್ಟು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಮೆತ್ತಗೆ ಉಜ್ಜಿದೆ. ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಟ್ಟೆ. ಅಕ್ಕಿಯೊಳಗೆ ಹೂತಿಡಿ ಅಂತ ಮನೆಯಲ್ಲಿ ಹೇಳಿದರು. ಅಕ್ಕಿಯ ಹುಡಿ ಆ ಪಿನ್‌ಗಳ ಸಂದಿಗೆ ಹೋದರೆ ತೆಗೆಯೋದು ಯಾರು?

ಐಡಿಇಯಿಂದ ಯುಎಸ್‌ಬಿಗೆ ಹೋಗುವ ಅಡಾಪ್ಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ. ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿ ಕೊಡುವುದು 5 ಮಾತ್ರ. ಹಾಗಾಗಿ ನಾಲ್ಕು ಪಿನ್ನಿನ ಪವರ್ ವೈರ್ ಇರುವ ಪ್ರತ್ಯೇಕ ಚಾರ್ಜರ್ ಜೊತೆಗೆ ಬರುವಂಥದ್ದನ್ನೇ ತಗೊಳ್ಳಿ. ಡಿಸ್ಕಿನ ಹಿಂದಿನ ಜಂಪರ್ ಮಾಸ್ಟರ್ ಜಾಗದಲ್ಲಿರಲಿ. ಇನ್ನೊಂದು ತಾಪತ್ರಯ ನಮ್ಮ ಊರಿನದು. ಮಳೆಗಾಲದಲ್ಲಿ ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳೋಕಾಗಲ್ಲ, ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ ಸರಿ, ಆದರೆ ಈ ಡಿಸ್ಕ್ ಗೋಡೆಯ ಪ್ಲಗ್ಗಿನಿಂದಲೇ ಓಡುವುದು, ಕಾಪಿ ಆಗುವಾಗ ನಡುವೆ ನಿಂತರೆ ಮುದಿ ಡಿಸ್ಕ್ ಮತ್ತೆ ಏಳುತ್ತದೆ ಅನ್ನುವ ಭರವಸೆ ಇಲ್ಲ. ಇನ್ವರ್ಟರ್ ಪಾಯಿಂಟಿಗೆ ಹಾಕಿ ಶುರು ಮಾಡಿದೆ.

ಡಿಸ್ಕ್ ಗರಗರ ಅಂತ ಎದ್ದಿತು. ಡಿಸ್ಕಿನ ಫೈಲ್ ವ್ಯವಸ್ಥೆ ಎಫ್‌ಎಟಿ32 ಆದ್ದರಿಂದ ವಿಂಡೋಸ್ 11 ಯಾವ ತಕರಾರೂ ಇಲ್ಲದೆ ತೋರಿಸಿತು. ಮೊದಲು ಆಟಗಳ ಫೋಲ್ಡರ್, ಆಮೇಲೆ ಉಳಿದದ್ದು. ಫೋಟೋ, ಲೆಕ್ಕ ಎಲ್ಲ ಆಮೇಲೆ ನೋಡೋಣ ಅಂತ ಒಂದೊಂದನ್ನೇ ತೆರೆಯುತ್ತಾ ಕೂರಬೇಡಿ, ಇಂಥ ಡಿಸ್ಕ್ ಓಡುವಷ್ಟು ಹೊತ್ತು ಕಾಪಿ ಮಾತ್ರ ಮಾಡಬೇಕು. ಡ್ಯೂಕ್ ನ್ಯೂಕೆಮ್ 3ಡಿ ಆಟದ ಚಿತ್ರ, ಸದ್ದು ಎಲ್ಲ ತುಂಬಿರುವ ದೊಡ್ಡ ಜಿಆರ್‌ಪಿ ಫೈಲ್ ಅರ್ಧಕ್ಕೆ ಬಂದು ಟಿಕ್ ಟಿಕ್ ಅಂತ ಸದ್ದು ಮಾಡಿ ಓದೋಕಾಗಲ್ಲ ಅಂದಿತು. ಉಳಿದವೆಲ್ಲ ಬಂದವು. ಡ್ಯೂಕ್ ನಮ್ಮಲ್ಲಿದ್ದದ್ದು ಶೇರ್‌ವೇರ್ 1.3ಡಿ, ಅಂದರೆ ಬಿಟ್ಟಿ ಕೊಡುವ ಮೊದಲ ಭಾಗ, ಅದನ್ನು ಹಂಚಲು ಆಗಲೇ ಅನುಮತಿ ಇತ್ತು, ಆ ಒಂದು ಫೈಲನ್ನು ನೆಟ್‌ನಿಂದ ಇಳಿಸಿಕೊಂಡೆ. ಸೈಜ್ 1,10,35,779 ಬೈಟ್ ಇರಬೇಕು. ಡೂಮಿನಲ್ಲಿ ಅದೇ ಕೆಲಸ ಮಾಡುವ, ಶೇರ್‌ವೇರ್ 1.9ರ ವ್ಯಾಡ್ ಫೈಲ್ 41,96,020 ಬೈಟ್. ಸೈಜ್ ಸರಿ ಇದೆ ಅಂದ ಮಾತ್ರಕ್ಕೆ ಒಳಗಿನದು ಸರಿ ಇದೆ ಅಂತಲ್ಲ, ಅದಕ್ಕೇ ಹೊಸದಾಗಿ ಇಳಿಸಿಕೊಂಡ ವ್ಯಾಡ್ ಜೊತೆ ಕಮಾಂಡ್ ಪ್ರಾಂಪ್ಟಿನಲ್ಲಿ ಎಫ್‌ಸಿ ಕಮಾಂಡಿಗೆ ಬಿ ಸ್ವಿಚ್ ಹಾಕಿ ಬೈಟ್ ಬೈಟ್ ಹೋಲಿಸಿದೆ. ಒಂದೂ ವ್ಯತ್ಯಾಸ ಇಲ್ಲ.

ಫ್ಲಾಪಿಗಳೂ ಒಂದು ಡಬ್ಬಿ ಇದ್ದವು. ಲೋಹದ ಬಾಗಿಲು ಸರಿಸಿದರೆ ಕಪ್ಪು ತಟ್ಟೆಯ ಮೇಲೆ ಬಿಳಿ ಬಿಳಿ ಬೂಷ್ಟಿನ ಉಂಗುರ. ಇಂಥದ್ದನ್ನು ಡ್ರೈವಿಗೆ ಹಾಕಿದರೆ ಹೆಡ್ ಕೂಡ ಹಾಳು. ಹಾಗೇ ಮುಚ್ಚಿಟ್ಟೆ.

ಇನ್ನು ಓಡಿಸುವ ವಿಷಯ. ಡಾಸ್‌ಬಾಕ್ಸ್ 0.74-3, ಬಿಟ್ಟಿ ಸಾಫ್ಟ್‌ವೇರ್, 2019ರ ಆವೃತ್ತಿ. ಇನ್‌ಸ್ಟಾಲರ್ ತುಂಬಾ ಚಿಕ್ಕದು, ನಮ್ಮೂರಿನ ನೆಟ್‌ವರ್ಕಿನಲ್ಲೂ ತಕ್ಷಣ ಇಳಿಯಿತು. ಇದು ವಿಂಡೋಸಿನ ಒಳಗೆ ಪೂರ್ತಿ ಒಂದು ಹಳೆ ಪಿಸಿಯನ್ನೇ ಸಾಫ್ಟ್‌ವೇರಿನಲ್ಲಿ ಕಟ್ಟಿಕೊಡುತ್ತದೆ. ಪ್ರೊಸೆಸರ್, ವಿಜಿಎ, ಸೌಂಡ್ ಬ್ಲಾಸ್ಟರ್, ಡಾಸ್ ಎಲ್ಲವೂ ಅದರದ್ದೇ. ಇದೇ ಮರದಿಂದ ಒಡೆದ ಡಾಸ್‌ಬಾಕ್ಸ್ ಸ್ಟೇಜಿಂಗ್, ಡಾಸ್‌ಬಾಕ್ಸ್ ಎಕ್ಸ್ ಅನ್ನುವವೂ ಇವೆ, ಹೊಸದಾಗಿ ಶುರು ಮಾಡುವವರಿಗೆ ಸ್ಟೇಜಿಂಗ್ ಸುಲಭ ಅನ್ನಿಸಬಹುದು. ನಾನು ಮೂಲದ್ದನ್ನೇ ಹಾಕಿದೆ. ಆಟಗಳ ಫೋಲ್ಡರನ್ನು ಪ್ರೋಗ್ರಾಮ್ ಫೈಲ್ಸ್ ಒಳಗೆ ಇಡಬೇಡಿ, ಅಲ್ಲಿ ಸೇವ್ ಫೈಲ್ ಬರೆಯೋಕೆ ವಿಂಡೋಸ್ ಅಡ್ಡ ಬರುತ್ತದೆ. ಸಿ ಡ್ರೈವಿನಲ್ಲಿ ನೇರವಾಗಿ ಒಂದು ಫೋಲ್ಡರ್ ಸಾಕು, ಹೆಸರು ಎಂಟು ಅಕ್ಷರದೊಳಗೆ ಇರಲಿ, ಸ್ಪೇಸ್ ಬೇಡ. ಡಾಸಿಗೆ ಅದಕ್ಕಿಂತ ಉದ್ದದ ಹೆಸರು ಕಾಣಲ್ಲ, ಬಾಲ ಕತ್ತರಿಸಿ ಕೊನೆಗೆ ಒಂದು ಅಲೆಗೆರೆ, ಒಂದು ಅಂಕಿ ಹಾಕಿ ತೋರಿಸುತ್ತದೆ.

ಒಂದೊಂದು ಆಟಕ್ಕೂ ಬೇರೆ ಬೇರೆ ಕಾನ್ಫ್ ಫೈಲ್, ಅಂದರೆ ಡಾಸ್‌ಬಾಕ್ಸಿನ ಸೆಟ್ಟಿಂಗ್ ಬರೆದಿಡುವ ಫೈಲ್, ಮಾಡಿದೆ. ಎಲ್ಲಕ್ಕೂ ಒಂದೇ ಇಟ್ಟುಕೊಂಡು ಪ್ರತಿ ಸಲ ತಿದ್ದುವವರ ತಾಳ್ಮೆ ನನಗಿಲ್ಲ. ಕಾನ್ಫ್ ಫೈಲಿನ ಕೊನೆಯಲ್ಲಿ ಆಟೋಎಕ್ಸೆಕ್ ಅನ್ನುವ ಭಾಗ ಇದೆ. ಅಲ್ಲಿ ಫೋಲ್ಡರನ್ನು ಡಾಸ್‌ಬಾಕ್ಸಿಗೆ ಸಿ ಡ್ರೈವ್ ಅಂತ ತೋರಿಸುವ, ಅಂದರೆ ಮೌಂಟ್ ಮಾಡುವ ಸಾಲು, ಆ ಫೋಲ್ಡರಿಗೆ ಹೋಗುವ ಸಾಲು, ಆಟದ ಹೆಸರು, ಕೊನೆಗೆ ಎಕ್ಸಿಟ್. ಡೆಸ್ಕ್‌ಟಾಪಿನ ಶಾರ್ಟ್‌ಕಟ್ಟಿನಲ್ಲಿ ಆ ಕಾನ್ಫ್ ಫೈಲನ್ನು ತೋರಿಸಿದರೆ ಆಯಿತು, ಡಬಲ್ ಕ್ಲಿಕ್ಕಿಗೆ ಆಟ ಶುರು, ಆಟ ಮುಗಿದರೆ ಕಿಟಕಿಯೂ ಮುಚ್ಚುತ್ತದೆ.

ಡೂಮ್ ಮೊದಲ ಸಲ ಎದ್ದಾಗ ಚಿತ್ರ ಬಂತು, ಗುಂಡಿನ ಸದ್ದು ಬರಲಿಲ್ಲ. ಕಾರಣ ಹುಡುಕೋದು ಕಷ್ಟ ಆಗಲಿಲ್ಲ. ಆಟದ ಫೋಲ್ಡರಿನಲ್ಲಿರುವ ಡಿಫಾಲ್ಟ್ ಸಿಎಫ್‌ಜಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಸೌಂಡ್ ಕಾರ್ಡಿನ ಐಆರ್‌ಕ್ಯೂ, ಅಂದರೆ ಕಾರ್ಡ್ ಪ್ರೊಸೆಸರನ್ನು ಕರೆಯುವ ಗೆರೆಯ ನಂಬರ್, 5 ಅಂತ ಇದೆ, ಅಣ್ಣನ ಯಂತ್ರದಲ್ಲಿದ್ದ ಕಾರ್ಡಿನದು. ಡಾಸ್‌ಬಾಕ್ಸ್ ಕೊಡುವ ನಕಲಿ ಕಾರ್ಡ್ ಪೋರ್ಟ್ 220, ಐಆರ್‌ಕ್ಯೂ 7, ಡಿಎಂಎ 1. ಎಲ್ಲರೂ ಹೇಳುವುದು ಆಟದ ಸೆಟಪ್ ಮತ್ತೆ ಓಡಿಸಿ 7 ಆರಿಸಿ ಅಂತ. ತಪ್ಪೇನಿಲ್ಲ, ಆದರೆ ನನ್ನ ನಿಯಮ ಇತ್ತಲ್ಲ. ಡಾಸ್‌ಬಾಕ್ಸ್ ಕಾನ್ಫಿನ ಸೌಂಡ್ ಬ್ಲಾಸ್ಟರ್ ಭಾಗದಲ್ಲಿ ಐಆರ್‌ಕ್ಯೂ ಎದುರಿಗೆ 5 ಬರೆದೆ. ನಕಲಿ ಕಾರ್ಡೇ ಅಣ್ಣನ ಕಾರ್ಡ್ ಆಯಿತು. ಶಾಟ್‌ಗನ್ ಸದ್ದು ಬಂದಾಗ ಒಳಗಿದ್ದವರೆಲ್ಲ ಹೊರಗೆ ಬಂದು ನೋಡಿದರು.

ವೇಗದ ಹೊಂದಾಣಿಕೆಯಲ್ಲೇ ಜಾಸ್ತಿ ಹೊತ್ತು ಹೋಯಿತು. ಕಾನ್ಫಿನಲ್ಲಿ ಸೈಕಲ್ಸ್ ಅಂತ ಒಂದು ಸಾಲು ಇದೆ. ನಕಲಿ ಪ್ರೊಸೆಸರ್ ಒಂದು ಮಿಲಿಸೆಕೆಂಡಿನಲ್ಲಿ ಎಷ್ಟು ಕೆಲಸ ಮಾಡಬೇಕು ಅಂತ ಹೇಳುವುದು ಅದು. ಮಾರ್ಚ್ ತಿಂಗಳಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕುವಾಗ ಗೇಟ್ ವಾಲ್ವ್ ತಿರುಗಿಸಿ ಜೆಟ್ ಹದ ಮಾಡ್ತೇವಲ್ಲ, ಅದೇ ರೀತಿ. ಸುಮ್ಮನೆ ಬಿಟ್ಟರೆ ಅದು ಆಟೋದಲ್ಲಿರುತ್ತದೆ. ಆಟೋ ಅಂದರೆ ಎರಡು ಬಗೆ. ಪ್ರೊಸೆಸರಿನ ಹಳೆ 16 ಬಿಟ್ ರಿಯಲ್ ಮೋಡಿನ ಆಟಗಳಿಗೆ 3000, ಹೆಚ್ಚು ಮೆಮೊರಿ ಕೊಡುವ ಪ್ರೊಟೆಕ್ಟೆಡ್ ಮೋಡಿಗೆ ಹೋಗುವ ಆಟಗಳಿಗೆ ಲ್ಯಾಪ್‌ಟಾಪಿನಿಂದ ಹಿಂಡಬಹುದಾದಷ್ಟೂ, ಅಂದರೆ ಮ್ಯಾಕ್ಸ್. ಇದರ ಫಲ ವಿಚಿತ್ರ. 1992ರ ವುಲ್ಫೆನ್‌ಸ್ಟೈನ್ 3ಡಿ ರಿಯಲ್ ಮೋಡಿನದು, ಅದು ಎತ್ತಿನ ಗಾಡಿಯ ಹಾಗೆ ಕುಂಟುತ್ತದೆ. ಅದಕ್ಕಿಂತ ಭಾರದ, 1993ರ ಡೂಮ್ ಸರಾಗವಾಗಿ ಓಡುತ್ತದೆ, ಯಾಕೆಂದರೆ ಡಾಸ್/4ಜಿಡಬ್ಲ್ಯೂ ಅನ್ನುವ ಎಕ್ಸ್‌ಟೆಂಡರ್ ಅದನ್ನು ಪ್ರೊಟೆಕ್ಟೆಡ್ ಮೋಡಿಗೆ ಕರೆದುಕೊಂಡು ಹೋಗುತ್ತದೆ. ಆಟ ಶುರುವಾಗುವಾಗ ಆ ಹೆಸರು ಪರದೆ ಮೇಲೆ ಒಂದು ಕ್ಷಣ ಕಾಣುತ್ತದೆ, ಆಡಿದವರಿಗೆಲ್ಲ ನೆನಪಿರುತ್ತದೆ.

ಹಾಗಾದರೆ ಡೂಮನ್ನು ಆಟೋದಲ್ಲೇ ಬಿಡಬಹುದಲ್ಲ ಅಂದರೆ, ಬೇಡ. ಮ್ಯಾಕ್ಸ್‌ನಲ್ಲಿ ಲ್ಯಾಪ್‌ಟಾಪಿನ ಒಂದು ಕೋರ್ ಪೂರ್ತಿ ಉರಿಯುತ್ತದೆ, ಫ್ಯಾನ್ ಕಿರುಚುತ್ತದೆ, ಕರೆಂಟ್ ಇಲ್ಲದ ಸಂಜೆ ಬ್ಯಾಟರಿ ಕಣ್ಣೆದುರೇ ಇಳಿಯುತ್ತದೆ. ಅಷ್ಟೆಲ್ಲ ಸುಟ್ಟರೂ ಸಿಗುವ ಲಾಭ ಸೊನ್ನೆ. ಡೂಮ್ ಸೆಕೆಂಡಿಗೆ 35 ಫ್ರೇಮ್‌ಗಿಂತ ಜಾಸ್ತಿ ತೋರಿಸುವುದೇ ಇಲ್ಲ, ಅದರ ಗಡಿಯಾರ ಹಾಗಿದೆ. ಫಿಕ್ಸ್ಡ್ ಅಂತ ಬರೆದು ಮುಂದೆ 25000 ಹಾಕಿದರೆ ಹೆಚ್ಚುಕಡಿಮೆ 66 ಮೆಗಾಹರ್ಟ್ಸಿನ 486 ಯಂತ್ರ ಸಿಗುತ್ತದೆ. ಆ ಕಾಲದಲ್ಲಿ ಡೂಮ್ ಆಡುವವರು ಕನಸು ಕಾಣುತ್ತಿದ್ದ ಯಂತ್ರ ಅದು. ದೊಡ್ಡ ಅಂಗಳದಂಥ ಜಾಗದಲ್ಲಿ ರಾಕ್ಷಸರು ಜಾಸ್ತಿ ಸೇರಿದಾಗ ಸ್ವಲ್ಪ ಎಳೆದಂತೆ ಆಯಿತು, 40000ಕ್ಕೆ ಏರಿಸಿದೆ, ಸರಿಯಾಯಿತು. ವುಲ್ಫಿಗೆ 12000 ಧಾರಾಳ. ಡ್ಯೂಕ್ 1996ರದು, 320x200ರಲ್ಲಿ ಆಡುವುದಾದರೆ 60000 ಆಸುಪಾಸು ಸಾಕು, 640x480 ಬೇಕು ಅಂದರೆ ಅದಕ್ಕಿಂತ ತುಂಬಾ ಮೇಲೆ ಹೋಗಬೇಕು. ಇವು ನನ್ನ ಲ್ಯಾಪ್‌ಟಾಪಿಗೆ ಒಗ್ಗಿದ ಅಂಕಿಗಳು. ಆಡುತ್ತಲೇ ಕಂಟ್ರೋಲ್ ಎಫ್12 ಒತ್ತಿದರೆ ಏರುತ್ತದೆ, ಎಫ್11ಕ್ಕೆ ಇಳಿಯುತ್ತದೆ, ಕಿಟಕಿಯ ತಲೆಬರಹದಲ್ಲಿ ಅಂಕಿ ಕಾಣುತ್ತದೆ. ಸದ್ದು ಪಟಪಟ ಅಂತ ಒಡೆಯೋಕೆ ಶುರುವಾದರೆ ನಿಮ್ಮ ಯಂತ್ರಕ್ಕೆ ಅದು ಅತಿ ಆಯಿತು ಅಂತ ಅರ್ಥ, ಅಲ್ಲಿಂದ ಒಂದು ಮೆಟ್ಟಿಲು ಕೆಳಗಿಳಿಸಿ.

ಪರದೆಯ ಹೊಂದಾಣಿಕೆ ಬೇಗ ಮುಗಿಯಿತು. ಔಟ್‌ಪುಟ್ ಸಾಲಿನಲ್ಲಿ ಓಪನ್‌ಜಿಎಲ್‌ಎನ್‌ಬಿ, ಫುಲ್ ರೆಸಲ್ಯೂಶನ್ ಡೆಸ್ಕ್‌ಟಾಪ್, ಆಸ್ಪೆಕ್ಟ್ ಟ್ರೂ. ಕೊನೆಯದನ್ನು ಮರೆಯಬೇಡಿ. ಈ ಆಟಗಳು 320x200ರಲ್ಲಿ ಬರೆದದ್ದು, ಆದರೆ ಆಗಿನ 4:3 ಮಾನಿಟರ್ ಅದನ್ನು ಮೇಲೆ ಕೆಳಗೆ ಎಳೆದು ತೋರಿಸುತ್ತಿತ್ತು. ಆ ಎಳೆತ ಇಲ್ಲದಿದ್ದರೆ ಕೆಳಗಿನ ಪಟ್ಟಿಯಲ್ಲಿರುವ ಸೈನಿಕನ ಮುಖ ಯಾರೋ ತಲೆ ಮೇಲೆ ಕೂತಂತೆ ಚಪ್ಪಟೆಯಾಗಿ ಕಾಣುತ್ತದೆ. ವಿಂಡೋಸಿನಲ್ಲಿ ಸ್ಕೇಲಿಂಗ್ 125 ಅಥವಾ 150 ಪರ್ಸೆಂಟ್ ಇದ್ದರೆ ಫುಲ್ ಸ್ಕ್ರೀನ್ ಅರ್ಧಂಬರ್ಧ ಆಗಬಹುದು. ಆಗ ಡಾಸ್‌ಬಾಕ್ಸ್ ಇಎಕ್ಸ್‌ಇಯ ಪ್ರಾಪರ್ಟೀಸಿನಲ್ಲಿ ಹೈ ಡಿಪಿಐ ಓವರ್‌ರೈಡ್ ಹಾಕಿ ಅಪ್ಲಿಕೇಶನ್ ಅಂತ ಆರಿಸಿ. ಕಂಪ್ಯಾಟಿಬಿಲಿಟಿ ಟ್ಯಾಬ್ ಉಪಯೋಗಕ್ಕೆ ಬಂದದ್ದು ಇದೊಂದಕ್ಕೇ.

ಕೀಲಿಗಳದ್ದು ದೊಡ್ಡ ರಾಮಾಯಣ. ಡೂಮಿನಲ್ಲಿ ಗುಂಡು ಹಾರಿಸೋಕೆ ಕಂಟ್ರೋಲ್. ಡಾಸ್‌ಬಾಕ್ಸಿನ ಹೆಚ್ಚಿನ ಗುಟ್ಟಿನ ಆಜ್ಞೆಗಳೂ ಕಂಟ್ರೋಲ್ ಜೊತೆಗೇ. ಎಫ್9 ಡೂಮಿನಲ್ಲಿ ಕ್ವಿಕ್ ಲೋಡ್, ಕಂಟ್ರೋಲ್ ಎಫ್9 ಡಾಸ್‌ಬಾಕ್ಸಿನಲ್ಲಿ ಕೇಳದೆ ಹೇಳದೆ ಎಲ್ಲ ಮುಚ್ಚುವ ಆಜ್ಞೆ. ಈಗ ಯೋಚಿಸಿ, ಸಾಯುವ ಗಳಿಗೆಯಲ್ಲಿ ಬೆರಳು ಎಲ್ಲಿರುತ್ತದೆ? ಕಂಟ್ರೋಲ್ ಮೇಲೆ. ಆಮೇಲೆ ಎಲ್ಲಿಗೆ ಹೋಗುತ್ತದೆ? ಎಫ್9ಕ್ಕೆ. ಕತ್ತಲೆ ಜಾಗದಲ್ಲಿ ಬೆಳಕು ಹೆಚ್ಚಿಸೋಕೆ ಡೂಮಿನ ಎಫ್11 ಒತ್ತಿದಾಗ ಗುಂಡೂ ಹಾರಿಸುತ್ತಿದ್ದರೆ ನಕಲಿ ಪ್ರೊಸೆಸರ್ ನಿಧಾನ ಆಗುತ್ತದೆ. ಗುಂಡು ಹಾರಿಸುತ್ತಲೇ ಎಸ್ಕೇಪ್ ಒತ್ತಿದರೆ ವಿಂಡೋಸಿನ ಸ್ಟಾರ್ಟ್ ಮೆನು ಬಂದು ಕೂರುತ್ತದೆ. ಓಡೋಕೆ ಇರುವ ಶಿಫ್ಟನ್ನು ಐದು ಸಲ ಬೇಗ ಬೇಗ ಒತ್ತಿದರೆ ಸ್ಟಿಕ್ಕಿ ಕೀಸ್ ಬೇಕಾ ಅಂತ ವಿಂಡೋಸ್ ವಿಚಾರಿಸುತ್ತದೆ. ಸ್ಟಿಕ್ಕಿ ಕೀಸ್ ಶಾರ್ಟ್‌ಕಟ್ಟನ್ನು ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಮೊದಲೇ ಆಫ್ ಮಾಡಿಡಿ.

ಉಳಿದದ್ದಕ್ಕೆ ಮದ್ದು ಡಾಸ್‌ಬಾಕ್ಸಿನ ಮ್ಯಾಪರ್. ಕಂಟ್ರೋಲ್ ಎಫ್1 ಒತ್ತಿದರೆ ಕೀಬೋರ್ಡಿನ ಚಿತ್ರ ಬರುತ್ತದೆ. ಕೆಳಗೆ ಶಟ್‌ಡೌನ್ ಅನ್ನುವ ಗುಂಡಿ ಆರಿಸಿ ಡೆಲ್ ಒತ್ತಿ, ಸೇವ್ ಮಾಡಿ. ಎಫ್9 ಕಾಟ ಅಲ್ಲಿಗೆ ಮುಗಿಯಿತು. ಅಲ್ಲೇ ಡಬ್ಲ್ಯೂ, ಎಸ್ ಅಕ್ಷರಗಳನ್ನು ಮುಂದೆ ಹಿಂದೆ ಹೋಗುವ ಬಾಣಗಳಿಗೆ, ಎ, ಡಿ ಅಕ್ಷರಗಳನ್ನು ಪಕ್ಕಕ್ಕೆ ಸರಿಯುವ ಕಾಮಾ, ಚುಕ್ಕೆ ಕೀಲಿಗಳಿಗೆ ಸೇರಿಸಿದೆ. ಆ್ಯಡ್ ಮಾತ್ರ ಮಾಡಿ, ಆ ಅಕ್ಷರಗಳ ಮೂಲ ಕೆಲಸವನ್ನು ಅಳಿಸಬೇಡಿ. ಅಳಿಸಿದರೆ ಸಾಯದಂತೆ ಮಾಡುವ ಚೀಟ್ ಕೋಡ್ ಐಡಿಡಿಕ್ಯೂಡಿ ಟೈಪ್ ಮಾಡೋಕೆ ಡಿ ಎಲ್ಲಿಂದ ತರ್ತೀರಿ? ಇದರಲ್ಲಿ ಒಂದು ತಮಾಷೆ ಉಳಿಯುತ್ತದೆ. ಸೇವ್ ಮಾಡುವಾಗ ಹೆಸರು ಬರೆದರೆ ಪ್ರತಿ ಎ ಪಕ್ಕ ಒಂದು ಕಾಮಾ, ಪ್ರತಿ ಡಿ ಪಕ್ಕ ಒಂದು ಚುಕ್ಕೆ ತಾನಾಗೇ ಬರುತ್ತದೆ. ನನಗೆ ಅದು ಅಡ್ಡಿ ಅನ್ನಿಸಲಿಲ್ಲ. ಮ್ಯಾಪರ್ ಫೈಲನ್ನೂ ಆಟಕ್ಕೊಂದರಂತೆ ಬೇರೆ ಇಡಬಹುದು, ಕಾನ್ಫಿನ ಎಸ್‌ಡಿಎಲ್ ಭಾಗದಲ್ಲಿ ಅದರ ಹೆಸರು ಬರೆದರೆ ಸಾಕು.

ಇದೆಲ್ಲ ನಡೆಯುವಾಗ ಚಿಕ್ಕಪ್ಪ ಹಿಂದೆ ನಿಂತು ನೋಡುತ್ತಿದ್ದರು. ನಮ್ಮ ಕೈಲ್ ಮುಹೂರ್ತ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಈಗಲೂ ನಿಲ್ಲುವವರು ಅವರು.

"ಅವನು ಮೇಲೆ ನಿಂತಿದ್ದಾನೆ, ನೀನು ಕೋವಿ ನೇರ ಹಿಡಿದಿದ್ದೀಯ. ಹೇಗೆ ಬಿದ್ದ?"

"ಮೇಲೆ ಕೆಳಗೆ ಗುರಿ ಇಡೋ ಹಾಗಿಲ್ಲ ಚಿಕ್ಕಪ್ಪ, ಅದೇ ಇಟ್ಟುಕೊಳ್ಳುತ್ತೆ."

"ಹಾಗಾದ್ರೆ ನೀನೇನು ಮಾಡೋದು?"

ಉತ್ತರ ಹೇಳೋಕೆ ಆಗಲಿಲ್ಲ. ಡೂಮಿನಲ್ಲಿ ತಲೆ ಎತ್ತಿ ನೋಡುವ ಸೌಲಭ್ಯವೇ ಇಲ್ಲ, ಎಡಬಲ ಸರಿಯಾಗಿದ್ದರೆ ಎತ್ತರವನ್ನು ಆಟವೇ ಸರಿಮಾಡಿಕೊಳ್ಳುತ್ತದೆ. ಡ್ಯೂಕ್ ಹಾಕಿ ತೋರಿಸಿದೆ, ಅದರಲ್ಲಿ ಮೇಲೆ ಕೆಳಗೆ ನೋಡಬಹುದು. ಅವರಿಗೆ ಅದೂ ಒಪ್ಪಿಗೆ ಆಗಲಿಲ್ಲ, ಕೋವಿಗೆ ಹಿನ್ನೂಕೇ ಇಲ್ಲ ಅಂದರು.

ಸೇವ್ ಗೇಮ್‌ಗಳು ಇದ್ದವು. ಡೂಮಿನಲ್ಲಿ ಆರು ಸ್ಲಾಟ್, ಆಟದ ಫೋಲ್ಡರಿನಲ್ಲೇ ಡಿಎಸ್‌ಜಿ ಅನ್ನುವ ಬಾಲದ ಆರು ಫೈಲ್. ಲೋಡ್ ಮೆನು ತೆರೆದರೆ ಅಣ್ಣ ಇಟ್ಟ ಹೆಸರುಗಳು ಹಾಗೇ ಇವೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಕರೆಂಟ್, ಕರೆಂಟ್ 2, ಕರೆಂಟ್ ಹೋಯ್ತು, ಊಟ, ಅಪ್ಪ ಬಂದ್ರು. ಕೊನೆಯದಕ್ಕೆ ಹೆಸರಿಲ್ಲ, ಬರೇ ಮೂರು ಚುಕ್ಕೆ. ಅದು ಮೊದಲ ಎಪಿಸೋಡಿನ ಎಂಟನೇ ಹಂತ, ಬ್ಯಾರನ್ ಅನ್ನುವ ಎರಡು ದೊಡ್ಡ ರಾಕ್ಷಸರು ಬಾಗಿಲು ತೆರೆದು ಬರುವ ಜಾಗ, ಹೆಲ್ತ್ 12 ಪರ್ಸೆಂಟ್. ಲೋಡ್ ಮಾಡಿದ ತಕ್ಷಣ ಸತ್ತೆ. ವಿಡಿಯೋ ಕಾಲಿನಲ್ಲಿ ಅಣ್ಣನಿಗೆ ತೋರಿಸಿದೆ. ಫೋಲ್ಡರ್ ಪೂರ್ತಿ ಜಿಪ್ ಮಾಡಿ ಕಳಿಸು ಅಂದ, ಕಾನ್ಫ್ ಸಮೇತ ಕಳಿಸಿದೆ.

ಸೇವ್ ಗೇಮ್ ಹಂಗಿಲ್ಲದವರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಡೂಮಿನ ಸೋರ್ಸ್ ಕೋಡ್ 1997ರ ಡಿಸೆಂಬರಿನಲ್ಲೇ ಹೊರಬಂತು, ಡ್ಯೂಕಿನದು 2003ರ ಏಪ್ರಿಲ್ 1ಕ್ಕೆ. ಅದರಿಂದ ಹೊಸ ವಿಂಡೋಸಿಗೇ ಕಟ್ಟಿದ ಎಂಜಿನ್‌ಗಳಿವೆ. ಹಳೆಯದರ ಹಾಗೇ ಇರಬೇಕು ಅಂದರೆ ಚಾಕೊಲೇಟ್ ಡೂಮ್. ಅಗಲ ಪರದೆ, ಮೌಸಿನಲ್ಲಿ ಮೇಲೆ ಕೆಳಗೆ ನೋಡೋದು ಎಲ್ಲ ಬೇಕು ಅಂದರೆ ಜಿಝಡ್‌ಡೂಮ್. ಡ್ಯೂಕಿಗೆ ಇಡ್ಯೂಕ್32. ನಿಮ್ಮ ವ್ಯಾಡ್ ಅಥವಾ ಜಿಆರ್‌ಪಿ ಫೈಲನ್ನು ಅದರ ಪಕ್ಕದಲ್ಲಿಟ್ಟರೆ ಮುಗಿಯಿತು, ಐಆರ್‌ಕ್ಯೂ ಇಲ್ಲ, ಸೈಕಲ್ಸ್ ಇಲ್ಲ. ಆದರೆ ಜಿಝಡ್‌ಡೂಮಿಗೆ ಹಳೆ ಡಿಎಸ್‌ಜಿ ಓದೋಕೆ ಬರಲ್ಲ, ಅದರ ಸೇವ್ ಬಗೆಯೇ ಬೇರೆ. ಆಡೋಕೆ ನಾನು ಈಗ ಅದನ್ನೇ ಹಾಕುತ್ತೇನೆ, ಅಣ್ಣನ ಫೋಲ್ಡರಿಗೆ ಡಾಸ್‌ಬಾಕ್ಸ್.

ಬಾಕಿ ಇರುವುದು ಕ್ವೇಕ್ ಆಟ. 1996ರ ಸಿಡಿ, ಅಟ್ಟದಲ್ಲೇ ಸಿಕ್ಕಿತು, ಮೇಲೆ ಗೀರುಗಳಿವೆ. ಅದರಲ್ಲಿ ಆಟದ ಫೈಲುಗಳ ಹಿಂದೆ ಸಂಗೀತ ಮಾಮೂಲಿ ಆಡಿಯೋ ಟ್ರ್ಯಾಕ್‌ಗಳಾಗಿ ಇದೆ. ಫೋಲ್ಡರ್ ಕಾಪಿ ಮಾಡಿದರೂ ಐಎಸ್‌ಒ ಮಾಡಿದರೂ ಹಾಡು ಬರಲ್ಲ, ಬಿನ್ ಮತ್ತು ಕ್ಯೂ ಫೈಲುಗಳ ಜೋಡಿಯಾಗಿಯೇ ಸಿಡಿಯ ಇಮೇಜ್ ತೆಗೆದು ಡಾಸ್‌ಬಾಕ್ಸಿನಲ್ಲಿ ಐಎಂಜಿಮೌಂಟ್ ಕಮಾಂಡಿಗೆ ಕ್ಯೂ ಫೈಲನ್ನು ಕೊಡಬೇಕು. ನನ್ನ ಲ್ಯಾಪ್‌ಟಾಪಿಗೆ ಸಿಡಿ ಡ್ರೈವ್ ಇಲ್ಲ. ಕುಶಾಲನಗರದ ಗೆಳೆಯನ ಹತ್ತಿರ ಯುಎಸ್‌ಬಿಯದು ಒಂದಿದೆ, ಬಸ್ಸಿನಲ್ಲಿ ಕೊಟ್ಟು ಕಳಿಸ್ತೇನೆ ಅಂದಿದ್ದಾನೆ. ಕಾನ್ಫ್ ಫೈಲ್ ಬರೆದಿಟ್ಟಿದ್ದೇನೆ, ಸೈಕಲ್ಸ್ ಎದುರಿಗೆ ಸದ್ಯಕ್ಕೆ ಮ್ಯಾಕ್ಸ್.